ಹೆಸರು ಹೊತ್ತು ತಂದ ಮಲಕಪ್ಪ

ಬಹಳ ಹಿಂದಿನ ಮಾತು. ನಮ್ಮ ಮುತ್ತಜ್ಜನಿಗೆ ಇನ್ನೂ ಮೀಸೆ ಮೂಡಿರಲಿಲ್ಲವಂತೆ. ಡೋಣಿ ಹೊಳೆಯ ದಂಡೆಯ ಒಂದೂರಿಗೆ, ಸುಗ್ಗಿ ಮುಗಿಯುತ್ತಲೇ, ಹೆಳವರ ಮಲಕಪ್ಪ ಎತ್ತಿನ ಮೇಲೆ ಕೂತು ಬರುತ್ತಿದ್ದನಂತೆ. ಮನೆಮನೆಯ ಕಟ್ಟೆಯಲ್ಲಿ ಕೂತು ಆ ಮನೆತನದ ಹಿರೀಕರ ಹೆಸರು ಹೇಳುವುದು ಅವನ ಕಾಯಕ. ಓಲೆಯಿಲ್ಲ, ಕಡತವಿಲ್ಲ, ಎಲ್ಲ ಬಾಯಲ್ಲೇ. ಏಳು ತಲೆಮಾರು ಹೇಳುತ್ತಿದ್ದನಂತೆ. ಒಂಬತ್ತು ಅನ್ನುವವರೂ ಇದ್ದಾರೆ. ಅವನು ಹೆಸರು ಹಿಡಿದು ಕರೆದರೆ ಸತ್ತವರು ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದರಂತೆ. ಅದಕ್ಕೇ ಆ ಹೊತ್ತು ಯಾರೂ ಹೊಸ್ತಿಲ ಮೇಲೆ ಕೂರುತ್ತಿರಲಿಲ್ಲ.

ಆ ಊರಲ್ಲಿ ಶಾವಂತ್ರೆವ್ವ ಅಂತ ಒಬ್ಬ ವಿಧವೆ. ಅವಳ ಒಬ್ಬನೇ ಮಗ ಯಮನಪ್ಪ ಉಪ್ಪು ತರುವವರ ಜತೆ ಘಟ್ಟ ಇಳಿದು ಹೋದವನು ತಿರುಗಿ ಬರಲಿಲ್ಲ. ಮೂರು ಸುಗ್ಗಿ ಕಳೆದವು. ಅವಳ ಮೈದುನ ಸಿದ್ರಾಮನಿಗೆ ಅವರ ಹೊಲದ ಮೇಲೆ ಕಣ್ಣು. ಯಮನಪ್ಪನನ್ನು ಸತ್ತವರ ಸಾಲಿಗೆ ಸೇರಿಸಿ ಹೇಳು, ನಿನ್ನ ಮಾತನ್ನು ಊರು ನಂಬುತ್ತದೆ, ನಿನಗೊಂದು ಹೋರಿ ಕೊಡುತ್ತೇನೆ ಅಂತ ಮಲಕಪ್ಪನಿಗೆ ಹೇಳಿದನಂತೆ.

ಮಲಕಪ್ಪ ತನ್ನ ಮುದಿ ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ಅಂದನಂತೆ: "ಆಗಿಹೋದದ್ದು ನನ್ನ ಬಾಯಾಗ ಐತಿ ತಮ್ಮಾ. ಆಗೂದು ಯಾರ ಬಾಯಾಗೂ ಇಲ್ಲ. ಆ ಹುಡುಗ ದಾರ್ಯಾಗ ಅದಾನ."

ಅಂದಿನಿಂದ ವರ್ಷವರ್ಷವೂ ಅದೇ ಮಾತು. ಹಿರೀಕರ ಹೆಸರೆಲ್ಲ ಮುಗಿದ ಮೇಲೆ, ಯಮನಪ್ಪ ದಾರಿಯಲ್ಲಿದ್ದಾನೆ ಅನ್ನುತ್ತಿದ್ದ. ಆ ಒಂದು ಮಾತು ಶಾವಂತ್ರೆವ್ವಗೆ ವರ್ಷದ ಬುತ್ತಿ.

ಹೀಗೆ ಕಾಲ ಸರಿಯಿತು, ಮಲಕಪ್ಪನ ತಲೆ ಹಣ್ಣಾಯಿತು. ಒಂದು ಸುಗ್ಗಿಗೆ ಬಂದು ಅವಳ ಕಟ್ಟೆಯಲ್ಲೇ ಕೂತ. ಶುರು ಮಾಡಿದ. ಮೂರನೇ ಹೆಸರಿಗೆ ನಿಂತ. ಮತ್ತೆ ಮೊದಲಿಂದ ಹಿಡಿದ, ಮತ್ತೆ ಅಲ್ಲೇ ನಿಂತ. ನೆರೆದವರು ಮುಖ ಮುಖ ನೋಡಿಕೊಂಡರು. ಮುದುಕ ಮರೆತ ಮೇಲೆ ಆ ಹೆಸರುಗಳೂ ಮುಗಿದ ಹಾಗೆಯೇ, ಯಮನಪ್ಪನದೂ ಮುಗಿಯಿತು ಅಂತ ಸಿದ್ರಾಮ ಅಂದನಂತೆ.

ಶಾವಂತ್ರೆವ್ವ ಕೇರುತ್ತಿದ್ದ ಮೊರ ಕೆಳಗಿಟ್ಟು ಎದ್ದಳು. ಗಂಡಸರ ನಡುವೆ ಎಂದೂ ದನಿ ಎತ್ತಿದವಳಲ್ಲ. ಅವನ ಮಗ್ಗುಲಿಗೆ ಕೂತು, ಅವನು ನಿಂತ ಕಡೆಯಿಂದಲೇ ಹಿಡಿದಳು. ಅವನದೇ ಧಾಟಿ, ಅವನದೇ ಎಳೆತ. ಒಂದು ಹೆಸರೂ ತಪ್ಪಲಿಲ್ಲ. ಮಗನ ಹೆಸರಿಗೂ ಬಂದಳು. ದಾರಿಯಲ್ಲಿದ್ದಾನೆ ಅಂತಲೇ ಹೇಳಿದಳು, ಮುಗಿಸಿದಳು. ಸಿದ್ರಾಮ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದು ಹೋದನಂತೆ. ಆಮೇಲೆ ಆ ಹೊಲದ ಮಾತೆತ್ತಲಿಲ್ಲ.

ಮುದುಕ ಕಣ್ಣುಮುಚ್ಚಿ ಕೇಳುತ್ತಿದ್ದ. ಆಗ ಅವಳು ಇನ್ನೊಂದು ಹೆಸರು ಕೂಡಿಸಿದಳು: ಮಲಕಪ್ಪ.

"ಅಂವ ಯಾರವ್ವಾ?"

"ನೀನಪ್ಪಾ. ನಮ್ಮನ್ನೆಲ್ಲಾ ಹೊತಗೊಂಡು ಬಂದಾಂವ."

ಮುದುಕ ಹಾಲುಗೂಸಿನಂತೆ ನಕ್ಕನಂತೆ. ಮತ್ತೆ ಯಾವೂರಿಗೂ ಹೋಗಲಿಲ್ಲ. ಅವಳ ಕಟ್ಟೆಯಲ್ಲೇ ರೊಟ್ಟಿ ಉಂಡುಕೊಂಡು, ಅವಳು ಹೆಸರು ಹೇಳುವುದನ್ನು ಕೇಳುತ್ತ ಕೇಳುತ್ತ ಕಣ್ಣುಮುಚ್ಚಿದ. ಯಮನಪ್ಪ ಬಂದನೇ ಅಂತ ಕೇಳುತ್ತೀರಿ. ಬಂದ ಅನ್ನುವವರಿದ್ದಾರೆ, ಇಲ್ಲ ಅನ್ನುವವರಿದ್ದಾರೆ. ನಾನು ಕಂಡಿಲ್ಲ, ಹಾಗಾಗಿ ಹೇಳುವುದಿಲ್ಲ.

ಆ ಊರಲ್ಲಿ ಈಗಲೂ ಹಿರೀಕರ ಹೆಸರು ಹೇಳಲು ಶುರು ಮಾಡುವುದು ಮನೆಯ ಹೆಂಗಸರೇ. ಬಂದ ಹೆಳವ ಅವರು ತಡವರಿಸಿದಲ್ಲಿ ಕೈಹಿಡಿಯುತ್ತಾನೆ, ಅಷ್ಟೆ. ಎಲ್ಲ ಮುಗಿದ ಮೇಲೆ ಯಾವ ಜಾತಿಯ ಮನೆಯೇ ಇರಲಿ, ಕಡೆಗೊಂದು ಹೆಸರು ಮಲಕಪ್ಪನದು. ಮಕ್ಕಳು ಅವನನ್ನು ಸ್ವಂತ ಮುತ್ತಜ್ಜ ಅಂದುಕೊಂಡೇ ಬೆಳೆಯುತ್ತವೆ. ಅಲ್ಲ ಅಂತ ಯಾರೂ ತಿದ್ದುವುದಿಲ್ಲ.