ಹೊಳ್ಳಿಸಬಾರದ ಹಾಳೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ, ಬುಧವಾರ. ಆಗ ನಾಲ್ಕನೇ ಇಯತ್ತೆ. ಕಾರಣ ನನ್ನ ಬೆನ್ನ ಮೇಲಿದೆ, ಅಪ್ಪನ ಬಾರುಕೋಲು ಎಳೆದ ಗೆರೆಗಳು. ಅವನ್ನು ನಾನು ಯಾರಿಗೂ ತೋರಿಸಿದವನಲ್ಲ.

ಆಮೇಲೆ ಶಾಲೆಯ ಮುಖ ನೋಡಲಿಲ್ಲ. ಲಾರಿ ತೊಳೆದೆ, ಖಾನಾವಳಿಯಲ್ಲಿ ರೊಟ್ಟಿ ಬಡಿದೆ, ಕುರಿಗಳ ಹಿಂದೆ ಎರಡು ಜಿಲ್ಲೆ ತಿರುಗಿದೆ. ಯಾವ ಊರಿನಲ್ಲೂ ಎರಡನೇ ಮಳೆಗಾಲ ಕಂಡವನಲ್ಲ. ಮಲಪ್ರಭೆ ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಮಾತ್ರ ಮೂರು ವರ್ಷ ನಿಂತೆ. ನಿಲ್ಲಿಸಿದವನು ಒಬ್ಬ ಕಳ್ಳ.

ಕಥೆಯೊಳಗಿನ ಕಳ್ಳ. ಹೆಸರು ದ್ಯಾಮ. ಮನೆಗೆ ನುಗ್ಗಿದರೆ ಬಂಗಾರ ಮುಟ್ಟುವುದಿಲ್ಲ, ಬಾಗಿಲಿನ ಬೀಗ ಒಂದನ್ನೇ ಕದ್ದುಕೊಂಡು ಹೋಗುತ್ತಾನೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಗುರುಗಳು ನಲವತ್ತು ವರ್ಷದಿಂದ ಪ್ರತಿ ಸೋಮವಾರ ಸಂಜೆ ಬೇವಿನ ಕಟ್ಟೆಯ ಮೇಲೆ ಕೂತು ಅವನ ಕಥೆ ಹೇಳುತ್ತಿದ್ದರು. ಗುರುಗಳು ಅಂತ ನಾವು ಕರೆದದ್ದು ಕಡಿಮೆ, ಎಲ್ಲರಿಗೂ ಅವರು ಅಜ್ಜಾರು.

ಕೇಳಿದವರು ಸುಮ್ಮನಿರಬೇಕಲ್ಲ. ತಮ್ಮ ಮನಸ್ಸಿಗೆ ಬಂದ ದ್ಯಾಮನ ಕಥೆ ತಾವೂ ಬರೆದು, ಕಟ್ಟೆಯ ಪಕ್ಕದ ಗೋಡೆಯ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು. ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹೊಸ ಕಾಗದ ಯಾರ ಹತ್ತಿರವೂ ಇರಲಿಲ್ಲ. ಲಗ್ನಪತ್ರಿಕೆಯ ಹಿಂದೆ, ದವಾಖಾನೆ ಚೀಟಿಯ ಹಿಂದೆ, ಮಕ್ಕಳ ಪರೀಕ್ಷೆಯ ಹಾಳೆಯ ಹಿಂದೆ ಬರೆಯುತ್ತಿದ್ದರು.

ಗಂಟಲು ದೊಡ್ಡದೆಂದು ಅವನ್ನು ಓದುವ ಕೆಲಸ ನನಗೆ ಬಂತು. ಅಜ್ಜಾರು ಮೊದಲ ದಿನವೇ ಹೇಳಿದ್ದರು.

“ಮುಂದಿದ್ದದ್ದು ಓದು. ನಗು ಬಂದ್ರ ನಗು. ಹಿಂದ ಏನೈತಿ ಅಂತ ಹಾಳಿ ಹೊಳ್ಳಿಸಬ್ಯಾಡ.”

ಓದಿದೆ. ಓದುತ್ತ ಓದುತ್ತ ಸಿಟ್ಟು ಬರತೊಡಗಿತು. ಒಬ್ಬರು ದ್ಯಾಮನಿಗೆ ಮದುವೆ ಮಾಡಿಸಿದರು. ಒಬ್ಬರು ಅವನ ಕೈಗೆ ಮೋಟರ್ ಸೈಕಲ್ ಕೊಟ್ಟರು. ದ್ಯಾಮ ನನ್ನವನು ಅಂದುಕೊಂಡಿದ್ದೆ ನಾನು. ಅಜ್ಜಾರ ದನಿ ಆಗಲೇ ಒಡೆಯುತ್ತಿತ್ತು, ಅವರ ನಂತರ ಆ ಕಟ್ಟೆ ನನಗೆ ಬರಬೇಕಿತ್ತು. ಬದುಕಿನಲ್ಲಿ ನಾನು ಆಸೆಪಟ್ಟವುಗಳಲ್ಲಿ ಗಂಟಿನಲ್ಲಿ ಕಟ್ಟಿ ಒಯ್ಯಲಾಗದ್ದು ಅದೊಂದೇ.

ಹಾಗಾಗಿ ಮೂಗಿನಲ್ಲಿ ಓದಿದೆ, ಕೀರಲು ದನಿಯಲ್ಲಿ ಓದಿದೆ, ನಡುನಡುವೆ ನನ್ನದೊಂದು ಮಾತು ಸೇರಿಸಿದೆ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ಇನ್ನಷ್ಟು ಮಂದಿ ಬಂದರು. ಅಜ್ಜಾರ ಕಥೆ ಮುಗಿದ ಮೇಲೆ ನನ್ನ ಓದಿಗಷ್ಟೇ ಬರುವವರೂ ಹುಟ್ಟಿಕೊಂಡರು.

ಶೀಗಿ ಹುಣ್ಣಿಮೆಯ ಹಿಂದಿನ ಸೋಮವಾರ ಆ ಹಾಳೆ ಸಿಕ್ಕಿತು.

ಅದರಲ್ಲಿ ದ್ಯಾಮ ಲಾಕಪ್ಪಿನಲ್ಲಿದ್ದಾನೆ, ನೆಗಡಿ ಬೇರೆ ಬಂದಿದೆ. ಆರಡಿ ಎತ್ತರದ, ಹುಲಿಯಂಥ ಪೊಲೀಸನೊಬ್ಬ ಅವನಿಗೆ ಶುಂಠಿ ಚಹಾ ಕಾಸಿ ಕೊಡುತ್ತಾನೆ. ಅಜ್ಜಾರು ತಮ್ಮ ಕಥೆಯಲ್ಲಿ ಎಂದೋ ಕೊಂದಿದ್ದ ದ್ಯಾಮನ ಕುದುರೆ ‘ಬರೇ ಮಲಗಿತ್ತು’ ಅಂತ ಎದ್ದು ನಿಲ್ಲುತ್ತದೆ. ನಾನು ಕುದುರೆಯಂತೆ ಕೆನೆದೆ. ಅಜ್ಜಾರೂ ನಕ್ಕರು. ಹಿಂದಿನ ಸಾಲಿನಲ್ಲಿ ಲುಂಗಿಯುಟ್ಟು ಕೂತಿದ್ದ ಪೇದೆ ಯಮನೂರಪ್ಪನೂ ನಕ್ಕ.

ಆ ನಗೆ ನನಗೆ ಸಾಲಲಿಲ್ಲ. ಹಾಳೆ ಹೊಳ್ಳಿಸಿದೆ.

ಹಿಂದೆ ಠಾಣೆಯ ಗಸ್ತಿನ ಪಟ್ಟಿ ಅಚ್ಚಾಗಿತ್ತು, ಒಬ್ಬನದೇ ಹೆಸರಿತ್ತು. ಅದನ್ನೂ ಅದೇ ದನಿಯಲ್ಲಿ ಓದಿದೆ. ಪೇದೆ ಯಮನೂರಪ್ಪ, ನಂಬರ್ ನಾನೂರ ಹದಿನೇಳು.

ಯಮನೂರಪ್ಪ ಗಿಡ್ಡ ಮನುಷ್ಯ. ಆರಡಿ ಹುಲಿ ಯಾರೆಂದು ತಿಳಿದದ್ದೇ ಮಂದಿ ನೆಲಕ್ಕೆ ಬಿದ್ದು ನಕ್ಕರು. ಅವನೂ ನಗುತ್ತಲೇ ಎದ್ದ, ನಗುತ್ತಲೇ ಚಪ್ಪಲಿ ಹುಡುಕಿದ, ಹೋದ. ಯಾರೋ ಫೋನಿನಲ್ಲಿ ಹಿಡಿದಿದ್ದರು. ಬೆಳಗಾಗುವುದರೊಳಗೆ ಮೂರು ಊರು ಅದನ್ನು ನೋಡಿತ್ತು.

ಬೆಳಗ್ಗೆ ಹೊಳೆಗೆ ಹೋದೆ. ನಾನು ಜಳಕ ಮಾಡುವುದು ಅಂಗಿ ತೊಟ್ಟೇ. ಮೆಟ್ಟಿಲ ಮೇಲೆ ಅಜ್ಜಾರು ಕೂತಿದ್ದರು. ನೀರಿನಲ್ಲಿ ಹತ್ತು ಹದಿನೈದು ಮಂದಿ.

“ಲಚಮಪ್ಪ, ಅಂಗಿ ತಗಿ.”

ಯಾಕೆ ಎಂದೆ.

“ಬೆನ್ನ ಮ್ಯಾಲ ಏನೋ ಬರದೈತಂತ. ಎಲ್ಲಾರೂ ಕೂಡ್ಯಾರ, ಜ್ವಾರಾಗೇ ಓದ್ತೀನಿ.”

ಬಟ್ಟೆ ಒಗೆಯುವವರ ಕೈ ನಿಂತಿತು. ಹಿರಿಯರು ಆಡುವ ಮಾತಲ್ಲ ಇದು, ನನ್ನ ಮೈ ನನ್ನದು ಅಂತ ಅಂದುಬಿಟ್ಟೆ. ಕೈಗೆ ಕಲ್ಲು ಸಿಕ್ಕಿದ್ದರೆ ಎತ್ತುತ್ತಿದ್ದೆನೋ ಏನೋ.

“ಮೂರು ವರ್ಷ ಆತು, ನೀ ಅಂಗಿ ಹಾಕ್ಕೊಂಡು ನೀರಿಗಿಳೀತಿ. ಇಷ್ಟು ಮಂದ್ಯಾಗ ಒಬ್ಬರರ ಯಾಕಂತ ಕೇಳ್ಯಾರೇನು?”

ಇಲ್ಲ ಎಂದೆ.

“ಅವರಿಗೆ ಕಣ್ಣಿಲ್ಲ ಅಂತ ತಿಳಕೊಂಡೀಯೇನು?”

ನನಗೆ ಸಿಟ್ಟು ಬಂತು. ನಿನ್ನೆ ನೀವೂ ನಕ್ಕಿರಲ್ಲ ಎಂದೆ.

“ನಕ್ಕೆ. ಸತ್ತ ಕುದುರಿ ಎದ್ದು ನಿಂತಾಗ ನಕ್ಕೆ. ಬರದಾವನೂ ನಕ್ಕ. ಅಲ್ಲೀತನಕ ಅದು ಹಾಳಿ ಇತ್ತು. ಹೊಳ್ಳಿಸಿದ ಮ್ಯಾಲ ಮನಿಷ್ಯಾ ಆತು.”

ಜಳಕ ಮಾಡದೆ ಎದ್ದು ಬಂದೆ. ಆ ದಿನವೆಲ್ಲ ಅಜ್ಜಾರನ್ನು ಬೈದುಕೊಂಡೆ. ಕೆಟ್ಟದಾಗಿ ಬರೆದವನನ್ನು ಬಿಟ್ಟು ಕೆಟ್ಟದ್ದೆಂದು ಹೇಳಿದವನ ಮೇಲೆ ಯಾಕೆ ಹರಿಹಾಯುತ್ತಾರೆ ಅಂತ. ಸಂಜೆಯ ಹೊತ್ತಿಗೆ ಬೈಗುಳ ಮುಗಿದವು. ಹಾಳೆ ಕಿಸೆಯಲ್ಲೇ ಇತ್ತು.

ಮರುದಿನ ಠಾಣೆಗೆ ಹೋದೆ. ಬಸ್ಸು ಇಳಿದಲ್ಲೇ ಕೇಳಿಸಿತು, ಸಾಹೇಬರಿಗೆ ಒಂದು ಶುಂಠಿ ಚಹಾ ಅಂತ ಯಾರೋ ಕೂಗಿದ್ದು. ಒಳಗೆ ಯಮನೂರಪ್ಪ ನಿಂತೇ ಬರೆಯುತ್ತಿದ್ದ. ಅವನ ಕುರ್ಚಿಯ ಮೇಲೆ ದೊಡ್ಡದೊಂದು ಬೀಗ ಇಟ್ಟಿದ್ದರು. ಅವನು ಅದನ್ನು ತೆಗೆದಿರಲಿಲ್ಲ, ಕೂತೂ ಇರಲಿಲ್ಲ.

ತಪ್ಪಾಯಿತು ಎಂದು ಹಾಳೆ ಮುಂದಿಟ್ಟೆ. ಅವನು ಅದರ ಕಡೆ ನೋಡದೆ, ಇದು ಯಾರದೋ ಏನೋ, ತನ್ನದಲ್ಲ ಎಂದ. ಅವನ ಹೆಸರು ಅಚ್ಚಾಗಿಯೇ ಇತ್ತು. ಬೇರೆ ಠಾಣೆಗೆ ಹಾಕಿರಿ ಅಂತ ಅರ್ಜಿ ಕೊಟ್ಟಿದ್ದೇನೆ, ಇನ್ನು ಈ ಕಡೆ ಬರಬೇಡ ಎಂದ. ಹಾಳೆ ಮಡಚಿಕೊಂಡು ನಾನು ಬಾಗಿಲು ದಾಟುವಾಗ ಕೇಳಿದ, ಪೂರಾ ಓದಿದ್ದೆಯಾ ಅಂತ.

ಹೂಂ ಎಂದೆ.

“ಓದಿಲ್ಲ ನೀ,” ಎಂದ ಯಮನೂರಪ್ಪ.

ಹೊರಗೆ ಬಂದು ಹುಣಸೆ ಗಿಡದ ಕೆಳಗೆ ಹಾಳೆ ಬಿಚ್ಚಿದೆ. ನಿಜ. ಹೊಳ್ಳಿಸುವ ಅವಸರದಲ್ಲಿ ಕೆಳಗಿನ ಮೂರು ಸಾಲು ಬಿಟ್ಟಿದ್ದೆ. ಹೀಗಿದ್ದವು:

‘ಪೊಲೀಸ್ ಬಾಗಿಲು ತೆರೆದು ಹೋಗು ಅಂದ. ದ್ಯಾಮ ಹೋಗಲಿಲ್ಲ. ಈ ಬೀಗ ನಾನು ಕದಿಯುವುದಿಲ್ಲ, ನೀವಾಗಿ ಕೊಡುತ್ತೀರಾ ಅಂತ ಕೇಳಿದ. ಪೊಲೀಸ್ ಉತ್ತರ ಹೇಳುವ ಮೊದಲು’

ಅಲ್ಲಿಗೆ ಹಾಳೆ ಮುಗಿದಿತ್ತು.

ಆಶ್ರಮಕ್ಕೆ ಬಂದು ಅಜ್ಜಾರಿಗೆ ಆ ಮೂರು ಸಾಲು ಓದಿದೆ, ನನ್ನ ಸ್ವಂತ ದನಿಯಲ್ಲಿ. ಅವರು ಇನ್ನೊಮ್ಮೆ ಓದಿಸಿದರು.

“ನಲವತ್ತು ವರ್ಷ ಅವನ ಕೈಲೆ ಕದಿಸಿದೆ ನಾ. ಅವ ಕೇಳಬಹುದು ಅಂತ ನನಗ ಹೊಳೀಲಿಲ್ಲ.”

ಸೋಮವಾರ ಕಟ್ಟೆಯ ಮುಂದೆ ಎಂದಿನ ಎರಡರಷ್ಟು ಮಂದಿ. ಫೋನುಗಳು ಆಗಲೇ ಮೇಲಿದ್ದವು. ಗೂಡಿಗೆ ಕೈ ಹಾಕಿದೆ. ಏನೂ ಇರಲಿಲ್ಲ. ಲಗ್ನಪತ್ರಿಕೆ ಇಲ್ಲ, ಚೀಟಿ ಇಲ್ಲ, ಒಂದು ಚೂರು ಕಾಗದ ಇಲ್ಲ. ಮುಂದಿನ ಸಾಲಿನವನೊಬ್ಬ, ಹೊಸದು ಇಲ್ಲದಿದ್ದರೆ ಚಹಾದ್ದೇ ಇನ್ನೊಮ್ಮೆ ಆಗಲಿ ಎಂದ. ನಾನು ಕಿಸೆಯಿಂದ ಹಾಳೆ ತೆಗೆದೆ, ಬಿಟ್ಟ ಮೂರು ಸಾಲನ್ನಾದರೂ ಓದೋಣ ಅಂತ. ಅಜ್ಜಾರು ನನ್ನ ಮಣಿಕಟ್ಟು ಹಿಡಿದರು. ಆ ಮುದಿ ಕೈಯಲ್ಲಿ ಅಷ್ಟು ಬಲ ಇದ್ದದ್ದು ನನಗೆ ಗೊತ್ತಿರಲಿಲ್ಲ.

“ಇಲ್ಲಿ ಬ್ಯಾಡ. ಇಲ್ಲಿ ಮಂದಿಗೆ ಹೆಸರು ಗೊತ್ತೈತಿ.”

ಆಮೇಲೆ ಮಂದಿಯ ಕಡೆ ತಿರುಗಿದರು.

“ನೀವು ಕಥಿ ಕೇಳಾಕ ಬಂದಿಲ್ಲ, ಹಾಳಿ ಹೊಳ್ಳಿಸೂದು ನೋಡಾಕ ಬಂದೀರಿ. ಏಳ್ರಿ.”

ಯಾರೂ ಏಳಲಿಲ್ಲ. ಅಜ್ಜಾರೇ ಎದ್ದು ಒಳಗೆ ಹೋದರು. ನಲವತ್ತು ವರ್ಷದಲ್ಲಿ ದ್ಯಾಮ ಬಾರದ ಮೊದಲ ಸೋಮವಾರ ಅದು.

ಬುಧವಾರ ಯಮನೂರಪ್ಪನ ಸಾಮಾನು ಹೇರಿಕೊಂಡು ಒಂದು ಟೆಂಪೊ ಊರು ಬಿಟ್ಟಿತು. ಎಲ್ಲಿಗೆಂದು ಅವನು ಯಾರಿಗೂ ಹೇಳಿರಲಿಲ್ಲ. ಗುರುವಾರ ನಾನು ಗಂಟು ಕಟ್ಟತೊಡಗಿದೆ. ನನ್ನ ಗಂಟು ದೊಡ್ಡದಲ್ಲ: ಎರಡು ಅಂಗಿ, ಒಂದು ಕಂಬಳಿ, ಒಂದು ತಾಟು.

ಅಜ್ಜಾರು ಬಟ್ಟಲಿನಲ್ಲಿ ಮೈದಾ ಅಂಟು ಕಾಸಿಕೊಂಡು ಬಂದರು. ಎಲ್ಲಿಗೆ ಅಂತ ಕೇಳಲಿಲ್ಲ. ಹಾಳೆ ಎಲ್ಲಿ ಎಂದರು, ಕೊಟ್ಟೆ. ಒಂದು ಅರಿವೆ ಬೇಕು ಎಂದರು.

ಜಳಕಕ್ಕೆ ತೊಡುತ್ತಿದ್ದ ಅಂಗಿ ಕೊಟ್ಟೆ.

ಅವರು ಅದನ್ನು ಹರಿದು, ಗಸ್ತಿನ ಪಟ್ಟಿಯ ಮೇಲೆ ಅಂಟು ಬಳಿದು, ಹೆಸರು ನಂಬರು ಎರಡೂ ಮುಚ್ಚುವಂತೆ ಹಾಳೆಗೆ ಅರಿವೆ ಮೆತ್ತಿದರು. ಬಿಸಿಲಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ.

ಕಟ್ಟೆ ಯಾರಿಗೆ ಎಂದು ಕೇಳಿಯೇಬಿಟ್ಟೆ. ಅವರು ಹಾಳೆಯನ್ನು ನನ್ನ ತಾಟಿನ ಮೇಲಿಟ್ಟು, ಕಂಬಳಿ ಸುತ್ತಿ, ಗಂಟು ತಾವೇ ಬಿಗಿದರು.

“ಹ್ವಾದ ಊರಾಗೆಲ್ಲ ಇದನ್ನ ಓದು. ಕಡೀ ಸಾಲಿನ ತನಕ.”

ಚಹಾ ಬಂದಾಗ ನಗುತ್ತಾರೆ, ಕುದುರೆ ಬಂದಾಗ ಬಿದ್ದು ನಗುತ್ತಾರೆ, ಇದನ್ನು ಬರೆದವನು ಯಾರು ಅಂತ ಕೇಳಿಯೇ ಕೇಳುತ್ತಾರೆ ಎಂದೆ.

ಅಜ್ಜಾರು ಗಂಟನ್ನು ನನ್ನ ಹೆಗಲಿಗೇರಿಸಿದರು.

“ನಕ್ಕರ, ‘ನಂದು’ ಅನ್ನು ನೀ. ಸುಮ್ಮನಾದ್ರ, ‘ಯಾರದೋ’ ಅನ್ನು.”