ಮೂರು ಗೋಡೆಗಳ ಆಚೆಯ ದನಿ

ಗ್ರಂಥಾಲಯದ ಲ್ಯಾಪ್‌ಟಾಪಿನಲ್ಲಿ ವೈಫೈ ಹಿಡಿಯುವ ಒಂದು ನೆಟ್‌ವರ್ಕ್ ಕಾರ್ಡು ಏಳು ವರ್ಷ ದುಡಿದಿತ್ತು. ರೂಟರ್ ಇದ್ದದ್ದು ಮೂರು ಗೋಡೆಗಳ ಆಚೆ. ಎರಡು ಕಡ್ಡಿಗಿಂತ ಹೆಚ್ಚು ಸಿಗ್ನಲ್ ಎಂದೂ ಬಂದದ್ದಿಲ್ಲ. ಒಮ್ಮೆಯಾದರೂ ರೂಟರಿನ ದನಿಯನ್ನು ತುಂಬಿ ಕೇಳಬೇಕೆಂದು ಕಾರ್ಡು ಹಂಬಲಿಸುತ್ತಲೇ ಇತ್ತು.

ಒಂದು ಬೆಳಿಗ್ಗೆ ಗ್ರಂಥಪಾಲಕಿ ಫರೀದಾ ಅದರ ಆಂಟೆನಾ ತಂತಿ ಕಳಚಿ, ಕಾರ್ಡನ್ನು ಮೇಜಿನ ಮೇಲಿಟ್ಟು, ಅದೇ ಜಾಗದಲ್ಲಿ ಹೊಸ ಕಾರ್ಡು ಕೂರಿಸಿ ನೋಡಿದಳು. ನಾಲ್ಕೂ ಕಡ್ಡಿ ತುಂಬಿತು.

"ಕಂಡೆಯಾ? ನಿನಗೆ ಎರಡು, ನನಗೆ ನಾಲ್ಕು. ಇನ್ನೇನು ಮಾತಿದೆ?" ಎಂದು ಹೊಸದು ಬೀಗಿತು.

"ಏನೂ ಇಲ್ಲಪ್ಪ, ನೀನೇ ಗೆದ್ದೆ," ಎಂದಿತು ಹಳೆಯದು. "ಒಂದು ಉಪಕಾರ ಮಾಡು. ನನಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ರೂಟರ್ ಏನು ಹೇಳುತ್ತಿದೆ, ನೀನಾದರೂ ಪೂರ್ತಿ ಕೇಳಿ ಹೇಳು."

ಕಡ್ಡಿ ಎಣಿಸುವ ಸಂಭ್ರಮದಲ್ಲಿ ಹೊಸದು ಅಲ್ಲಿಯವರೆಗೆ ಕಿವಿಗೊಟ್ಟೇ ಇರಲಿಲ್ಲ. ಈಗ ಕಿವಿಗೊಟ್ಟಿತು. ಅದರ ಜಂಬ ಇಳಿಯಿತು.

"'ನೀನು ಯಾರೋ ಹೊಸಬ. ದಿನಾ ಬರುತ್ತಿದ್ದವನು ಎಲ್ಲಿ? ಅವನಿಗೆ ಕೇಳಲೆಂದೇ ಇಷ್ಟು ವರ್ಷ ಗಂಟಲು ಹರಿದುಕೊಂಡು ಕೂಗಿದೆ' ಅನ್ನುತ್ತಿದೆ."

"ಇಲ್ಲೇ ಇದ್ದೇನೆ!" ಎಂದು ಹಳೆಯದು ಇದ್ದಬದ್ದ ಶಕ್ತಿಯಿಂದ ಕೂಗಿತು. ತಂತಿ ಕಳಚಿದ ಕಾರ್ಡಿನ ದನಿ ಮೇಜನ್ನೂ ದಾಟಲಿಲ್ಲ.