ಕೋಳಿಗೂಡಿಗೆ ಹೋದ ಕಂಬಳಿ

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಎಂಟು ಕೋಳಿ.

ಗುರು ಮುಪ್ಪಯ್ಯಜ್ಜ. ಶಿಷ್ಯ ಗುದ್ಲೆಪ್ಪ, ಕುರಿ ಕಾಯುವವರ ಮಗ. ಕೋಳಿಗಳು ಹರಕೆಯವು. ಹರಕೆ ಹೊತ್ತವರು ಕೋಳಿ ಕೊಯ್ಯಬೇಡಿ, ಇಲ್ಲೇ ಬಿಟ್ಟುಹೋಗಿ ಎಂದು ಅಜ್ಜ ಹೇಳಿದ್ದ. ಹಾಗೆ ಬಿಟ್ಟುಹೋದವು ಎಂಟಾಗಿದ್ದವು. ಬೆಳಿಗ್ಗೆ ಶಿಷ್ಯನಿಗಿಂತ ಮೊದಲು ಅವಕ್ಕೇ ಊಟ.

ಪುಷ್ಯಮಾಸದ ಚಳಿ ಹೊಳೆ ದಾಟಿ ಬಂತು.

"ಗೂಡಿನೊಳಗೆ ಏನಾದರೂ ಹಾಸು," ಎಂದ ಅಜ್ಜ.

"ಏನು ಹಾಸಲಿ, ಅಜ್ಜಾರೇ?"

"ಕೋಳಿಯನ್ನು ಕೇಳು."

ಗುದ್ಲೆಪ್ಪ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ. ಹುಂಜ ಬಂದು ಅವನ ಹೆಬ್ಬೆರಳನ್ನು ಕುಕ್ಕಿತು. ಇದಕ್ಕಿಂತ ಅಜ್ಜನ ಉತ್ತರವೇ ವಾಸಿ ಎಂದುಕೊಂಡು ಎದ್ದ.

ಮಠಕ್ಕೆ ಅಡುಗೆ ಮಾಡಲು ಬರುವ ಹೊನ್ನವ್ವ, ಅದಕ್ಕೇನು ಅಷ್ಟು ಯೋಚನೆ ಎಂದಳು. ಹುಲ್ಲು ಒದ್ದೆಯಾದರೆ ಬೂಸಲು ಹಿಡಿಯುತ್ತದೆ, ಅದು ಬೇಡ. ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟು ರಾಶಿ ಬಿದ್ದಿದೆ, ಎರಡು ಚೀಲ ತಂದು ಸುರಿ ಎಂದಳು.

ಗುದ್ಲೆಪ್ಪನಿಗೆ ಅವಮಾನವಾಯಿತು. ಗಿರಣಿಯವರು ಗುಡಿಸಿ ಎಸೆದದ್ದನ್ನು ಮಠದ ಕೋಳಿಗೆ ಹಾಸುವುದೇ? ಕುರಿ ಕಾಯುವವರ ಮನೆಯಲ್ಲಿ ಚಳಿಗೆ ಒಂದೇ ಔಷಧ, ಕಂಬಳಿ. ಮಳೆಗೂ ಅದೇ, ಬಿಸಿಲಿಗೂ ಅದೇ, ಹೆಣ್ಣು ನೋಡಲು ಬಂದವರು ಕೂರುವುದಕ್ಕೂ ಅದೇ.

ಮಠದಲ್ಲಿ ಒಳ್ಳೆಯ ಕಂಬಳಿ ಒಂದೇ ಇತ್ತು. ಅಜ್ಜ ಕೂರುವ ಕಲ್ಲಿನ ಗದ್ದುಗೆಯ ಮೇಲೆ ಹಾಸಿತ್ತು. ಕರಿ ಉಣ್ಣೆಯದು. ಬಂದ ಭಕ್ತರು ಅಜ್ಜನ ಕಾಲು ಮುಟ್ಟುವ ಮೊದಲು ಅದರ ಅಂಚನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು.

ಗುದ್ಲೆಪ್ಪ ಅದನ್ನು ಹೊತ್ತುಕೊಂಡು ಹೋಗಿ ಗೂಡಿನಲ್ಲಿ ಹಾಸಿದ. ಮೇಲಿನ ಗಾಳಿಕಿಂಡಿಗಳಿಗೂ ಹಳೇ ಬಟ್ಟೆ ತುರುಕಿದ.

ಮರುದಿನ ಅಜ್ಜ ಬಂದು ಬರೀ ಕಲ್ಲಿನ ಮೇಲೆ ಕೂತ. ಏನೂ ಕೇಳಲಿಲ್ಲ.

ಕೇಳಿದವನು ತಿರಕಪ್ಪ. ಮಠಕ್ಕೆ ಹಿರಿಯ ಭಕ್ತ. ಆ ಕಂಬಳಿ ಅವನ ಅಪ್ಪ ನೇಯಿಸಿ ಕೊಟ್ಟದ್ದು. ಬಗ್ಗಿದವನ ಹಣೆಗೆ ತಣ್ಣನೆಯ ಕಲ್ಲು ತಾಗಿತು.

"ಕಂಬಳಿ ಎಲ್ಲಿ?"

ಇಲಿ ಎಳೆದೊಯ್ದವು ಎನ್ನಬಹುದಿತ್ತು. ಗುದ್ಲೆಪ್ಪ ಎನ್ನಲಿಲ್ಲ.

"ಕೋಳಿಗೂಡಿನಲ್ಲಿ."

ತಿರಕಪ್ಪ ಗೂಡಿನ ತನಕ ಹೋಗಿ ಬಗ್ಗಿ ನೋಡಿ ಬಂದ. ಬರುವಾಗ ಅವನ ಮುಖ ಹುಂಜದ ಜುಟ್ಟಿನ ಬಣ್ಣಕ್ಕೆ ತಿರುಗಿತ್ತು. ಊರೆಲ್ಲ ಹಣೆ ಇಟ್ಟ ಕಂಬಳಿಯ ಮೇಲೆ ಕೋಳಿ ಹಿಕ್ಕೆ ಹಾಕುತ್ತಿದೆ ಎಂದ. ಹುಡುಗ ಅದನ್ನು ಒಗೆದು ತಂದು ಹಾಸಿ ತನ್ನ ಕಾಲಿಗೆ ಬೀಳಬೇಕು, ಇಲ್ಲವಾದರೆ ಮಠ ಬಿಡಬೇಕು ಎಂದ.

ಮಠ ಬಿಟ್ಟರೆ ಗುದ್ಲೆಪ್ಪನಿಗೆ ಹೋಗಲು ಜಾಗವಿರಲಿಲ್ಲ. ಶಾಲೆ ಅವನನ್ನು ಎಂದೋ ಬಿಟ್ಟಿತ್ತು. ಅಪ್ಪ ಇರಲಿಲ್ಲ, ಕುರಿಗಳೂ ಇರಲಿಲ್ಲ. ಪ್ರಶ್ನೆ ಕೇಳಿದರೆ ಹೊಡೆಯದವನು ಈ ಭೂಮಿಯ ಮೇಲೆ ಅಜ್ಜ ಒಬ್ಬನೇ.

ಆದರೂ ಅವನ ಕುತ್ತಿಗೆ ಬಗ್ಗಲಿಲ್ಲ.

"ಎಲ್ಲ ಜೀವದೊಳಗೂ ಇರೋನು ಒಬ್ಬನೇ ಅಂತ ಅಜ್ಜಾರು ಹೇಳಿದಾಗ ನೀವು ತಲೆ ಆಡಿಸ್ತೀರಿ, ಕಾಕಾ. ಕೋಳಿಯೊಳಗೆ ಇರೋನು ಪರ ಊರಿನವನೇನು?"

ಹಿಂದೆ ನಿಂತವರು ಯಾರೋ ಕಿಸಕ್ಕೆಂದರು. ತಿರಕಪ್ಪ ಅಜ್ಜನ ಕಡೆ ತಿರುಗಿದ.

"ಎಂಟು ದಿನ ಕಂಬಳಿ ಅಲ್ಲೇ ಇರಲಿ," ಎಂದ ಅಜ್ಜ. "ಆಮೇಲೆ ನೋಡೋಣ."

ಅಂದು ಗುದ್ಲೆಪ್ಪ ಅಂಗಳದಲ್ಲಿ ನಡೆದ ರೀತಿಗೆ ಹುಂಜವೇ ದಾರಿ ಬಿಟ್ಟಿತು.

ಎರಡನೇ ದಿನ ಕಂಬಳಿ ಒದ್ದೆಯಾಯಿತು. ಹಿಕ್ಕೆಯ ನೀರನ್ನು ಉಣ್ಣೆ ಕುಡಿಯಿತು, ಬಿಡಲಿಲ್ಲ. ಕೋಳಿಗಳು ಕೆದಕಿ ನೋಡಿದವು. ಕಂಬಳಿ ಕೆದಕಿಸಿಕೊಳ್ಳಲಿಲ್ಲ. ನಾಲ್ಕನೇ ದಿನ ಗೂಡಿನ ಬಾಗಿಲು ತೆಗೆದರೆ ಮೂಗು ತಾನಾಗಿ ಹಿಂದೆ ಸರಿಯುತ್ತಿತ್ತು. ಐದನೇ ದಿನ ಎರಡು ಕೋಳಿ ಸೀನಿದವು. ಚುಕ್ಕಿ ಹೇಂಟೆಯ ಬೆರಳಿಗೆ ಉಣ್ಣೆಯ ಎಳೆ ಸುತ್ತಿಕೊಂಡು ಅದು ಕುಂಟತೊಡಗಿತು.

ಹೊನ್ನವ್ವ ಮತ್ತೆ ಹೊಟ್ಟಿನ ಮಾತೆತ್ತಿದಳು. ಗುದ್ಲೆಪ್ಪ ಕೇಳಿಸದವನಂತೆ ಹೋದ. ಈಗ ಕಂಬಳಿ ತೆಗೆದರೆ ತಿರಕಪ್ಪ ಗೆದ್ದಂತೆ.

ತಿರಕಪ್ಪನೂ ದಿನಾ ಬರುತ್ತಿದ್ದ. ಕಂಬಳಿ ಬಂತೇ ಎಂದು ಕೇಳುತ್ತಿದ್ದ, ಹೋಗುತ್ತಿದ್ದ. ಅಜ್ಜ ಎರಡೂ ಕೈ ಕಂಕುಳಲ್ಲಿ ಸೇರಿಸಿಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದ. ಸಂಜೆಗೊಮ್ಮೆ ಶಿಷ್ಯನನ್ನು ಕರೆದು ಕೋಳಿ ಹೇಗಿವೆ ಎನ್ನುತ್ತಿದ್ದ.

"ಬೆಚ್ಚಗಿವೆ," ಎನ್ನುತ್ತಿದ್ದ ಗುದ್ಲೆಪ್ಪ.

ಎಂಟನೇ ದಿನ ಬೆಳಿಗ್ಗೆ ಅಜ್ಜ ಎದ್ದು ನೇರ ಗೂಡಿಗೆ ಹೋದ. ಮಂಡಿಯೂರಿ ಒಳಗೆ ತೂರಿದ.

"ನೀನೂ ಬಾ. ಬಾಗಿಲು ಹಾಕು. ಬೆಚ್ಚಗಿರೋಣ."

ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಗುದ್ಲೆಪ್ಪನ ಕಣ್ಣಲ್ಲಿ ನೀರು ಇಳಿಯಿತು.

"ಯಾಕೋ ಅಳ್ತೀಯ?"

"ಅಳ್ತಿಲ್ಲ. ಕಣ್ಣು ಉರೀತವೆ."

"ಕೋಳಿಗೂ ಎರಡು ಕಣ್ಣಿವೆ."

ಗುದ್ಲೆಪ್ಪ ಕಣ್ಣೊರೆಸಿಕೊಂಡ.

"ಈ ಕಂಬಳಿ ಯಾರಿಗೆ ಹಾಸಿದೆ?"

"ಕೋಳಿಗೆ."

"ಕೋಳಿಗೆ ಹಾಸಿದ್ದರೆ ಎರಡನೇ ದಿನವೇ ತೆಗೀತಿದ್ದೆ," ಎಂದ ಅಜ್ಜ. "ಇದು ತಿರಕಪ್ಪನಿಗೆ ಹಾಸಿದ್ದು."

ಚುಕ್ಕಿ ಹೇಂಟೆ ಮೂಲೆಯಲ್ಲಿ ಬಿದ್ದಿತ್ತು. ಎಳೆ ಬಿಗಿದು ಬೆರಳು ಊದಿತ್ತು, ಕಂಬಳಿಯಿಂದ ಕಾಲು ಏಳುತ್ತಿರಲಿಲ್ಲ. ಅಜ್ಜ ಸೊಂಟದ ಚೀಲದಿಂದ ಅಡಕತ್ತರಿ ತೆಗೆದು ಶಿಷ್ಯನ ಕೈಗಿಟ್ಟ.

"ಕಾಲು ಕತ್ತರಿಸ್ತೀಯೋ, ಕಂಬಳಿ ಕತ್ತರಿಸ್ತೀಯೋ, ನಿನಗೆ ಬಿಟ್ಟದ್ದು."

ಗುದ್ಲೆಪ್ಪ ಹೇಂಟೆಯ ಕಾಲಿನ ಸುತ್ತ ಕಂಬಳಿಯನ್ನು ಬಿಗಿಯಾಗಿ ಹಿಡಿದ. ಕಂಬಳಿ ಕತ್ತರಿಸಿದ. ಅಂಗೈ ಅಗಲದ ತುಂಡು ಕೋಳಿಯ ಕಾಲಿನೊಂದಿಗೆ ಬಂತು. ಹೊರಗೆ ಬಿಸಿಲಲ್ಲಿ ಕೂತು ಎಳೆ ಎಳೆಯಾಗಿ ಬಿಡಿಸಿದ.

ಆಮೇಲೆ ಯಾರನ್ನೂ ಕೇಳದೆ ಗಿರಣಿಗೆ ಓಡಿದ. ಮೂರು ಚೀಲ ಹೊಟ್ಟು ತಂದ. ಕಿಂಡಿಗಳ ಬಟ್ಟೆ ಕಿತ್ತ. ನೆಲ ಕೆರೆದು ಒಣಗಿಸಿ ಒಂದು ಗೇಣು ಹೊಟ್ಟು ಸುರಿದ. ಕೋಳಿಗಳು ಒಳಗೆ ಹೋದವು, ಕೆದಕಿದವು, ಗುಂಡಿ ಮಾಡಿಕೊಂಡು ಕೂತವು. ಮೇಲೆ ಬಿದ್ದ ಹಿಕ್ಕೆ ಹೊಟ್ಟಿನೊಳಗೆ ಇಳಿದು ಒಣಗಿಹೋಯಿತು. ಹುಂಜ ಅವನ ಕಡೆ ನೋಡಿತು, ಕುಕ್ಕಲಿಲ್ಲ. ಕೋಳಿಯನ್ನು ಕೇಳುವುದೆಂದರೆ ಹೀಗೆ ಎಂದು ಅವನಿಗೆ ಆಗ ಗೊತ್ತಾಯಿತು.

ಮಧ್ಯಾಹ್ನ ತಿರಕಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದ. ಒಗೆದ ಕಂಬಳಿ ಬೇಲಿಯ ಮೇಲೆ ಒಣಗುತ್ತಿತ್ತು. ನಡುವಿನ ತೂತಿನಿಂದ ಹೊಳೆ ಕಾಣುತ್ತಿತ್ತು.

"ಎಂಟು ದಿನ ಆಯ್ತು," ಎಂದ ತಿರಕಪ್ಪ. "ಬೀಳು ಕಾಲಿಗೆ."

"ತಪ್ಪಾಗಿದೆ, ಕಾಕಾ," ಎಂದ ಗುದ್ಲೆಪ್ಪ. ತಿರಕಪ್ಪ ಕಾಲು ಮುಂದಿಟ್ಟ.

ಗುದ್ಲೆಪ್ಪ ಆ ಕಾಲನ್ನು ದಾಟಿಕೊಂಡು ಗೂಡಿನ ಮುಂದೆ ಹೋದ. ಚುಕ್ಕಿ ಹೇಂಟೆಯ ಎದುರು ಉದ್ದಕ್ಕೆ ಅಡ್ಡಬಿದ್ದ. ಎದ್ದು ಮಣ್ಣು ಕೊಡವಿಕೊಂಡ.

"ತಪ್ಪು ಯಾರಿಗೆ ಮಾಡಿದ್ದೆನೋ ಅವರಿಗೆ ಬಿದ್ದಾಯ್ತು. ನಿಮಗೆ ಬೀಳೋದಿಲ್ಲ. ಮಠ ಬಿಡು ಅಂದರೆ ಬಿಡ್ತೀನಿ."

ತಿರಕಪ್ಪ ಅಜ್ಜನ ಮುಂದೆ ಹೋಗಿ ನಿಂತ. ಹೀಗಾದರೆ ಮಠದಲ್ಲಿ ದೊಡ್ಡವರು ಚಿಕ್ಕವರು ಎಂಬುದು ಉಳಿಯುವುದಿಲ್ಲ, ಈ ಹುಡುಗ ಹೋಗಬೇಕೋ ಇರಬೇಕೋ ಈಗಲೇ ಹೇಳಿ ಎಂದ.

ಅಜ್ಜ ಕಲ್ಲಿನ ಮೇಲೆ ಕೂತೇ ಇದ್ದ. ಕೈ ಕಂಕುಳಲ್ಲೇ ಇದ್ದವು. ಹೊರಡುವುದಕ್ಕೆ ಮೊದಲು ಕಾಲು ಮುಟ್ಟಲೆಂದು ಬಂದ ಗುದ್ಲೆಪ್ಪ ಅಲ್ಲೇ ನಿಂತ. ಕಲ್ಲನ್ನು ನೋಡಿದ. ಅಜ್ಜನ ಪಾದ ಮುಟ್ಟಿದ. ಹೊಳೆಯ ನೀರಿನ ಹಾಗೆ ತಣ್ಣಗಿತ್ತು.

ಎದ್ದು ಹೋಗಿ, ಉಳಿದಿದ್ದ ಒಂದು ಚೀಲ ಹೊಟ್ಟು ತಂದ. ಬಾಯಿ ಕಟ್ಟಿ, ತಟ್ಟಿ ಚಪ್ಪಟೆ ಮಾಡಿದ.

"ಸ್ವಲ್ಪ ಏಳ್ರಿ, ಅಜ್ಜಾರೇ."

ಅಜ್ಜ ಎದ್ದ. ಗುದ್ಲೆಪ್ಪ ಚೀಲವನ್ನು ಗದ್ದುಗೆಯ ಮೇಲೆ ಹಾಸಿದ. ಅಜ್ಜ ಅದರ ಮೇಲೆ ಆಚೆ ಈಚೆ ಸರಿದು, ಗುಂಡಿ ಮಾಡಿಕೊಂಡು ಕೂತ. ಕಂಕುಳಿಂದ ಕೈ ಹೊರಗೆ ತೆಗೆದ.

"ಎಂಟು ದಿನ ಈ ಕಲ್ಲಿನ ಮೇಲೆ ಕೂತಿದ್ದೆ, ತಿರಕಪ್ಪ. ನೀನು ದಿನಾ ಬಂದು ಕಂಬಳಿಯನ್ನು ಕೇಳಿದೆ. ಹುಡುಗ ಇರ್ತಾನೆ. ಕಂಬಳಿ ನೀನು ಒಯ್ಯಿ."